ಕೆರೆಯಿಲ್ಲದ ಬಯಲುಸೀಮೆ

ಟೆಕ್ಸಸ್‌ನ ಲಬಕ್ ಊರಿಗೆ ಬರುವ ಕನ್ನಡದವರು ಮೊದಲು ಹೇಳೋದು ಒಂದೇ ಮಾತು: "ಅರೆ, ನಮ್ಮ ಚಳ್ಳಕೆರೆ ಇದ್ದಂಗಿದೆಯಲ್ಲ!" ಅದೇ ಬಿಸಿಲು, ಅದೇ ಧೂಳು, ದಿಗಂತದ ತುಂಬ ಗಾಳಿಯಂತ್ರ. ಮಳೆ ಲೆಕ್ಕ ನೋಡಿದರೂ ಅಷ್ಟೇ. ಲಬಕ್‌ನಲ್ಲಿ ವರ್ಷಕ್ಕೆ ಸುಮಾರು 470 ಮಿಲಿಮೀಟರ್, ಚಳ್ಳಕೆರೆ ಕಡೆಯೂ ಹೆಚ್ಚೂಕಡಿಮೆ ಅಷ್ಟೇ. ಎತ್ತರ 3,200 ಅಡಿ, ಬೆಂಗಳೂರಿಗಿಂತ ಒಂಚೂರು ಜಾಸ್ತಿ. ನಾನೂ ಚಿತ್ರದುರ್ಗ ಜಿಲ್ಲೆಯವನೇ. ಆದರೂ ಈ ಹೋಲಿಕೆಗೆ ಸುಮ್ನೆ ತಲೆಯಾಡಿಸೋಕೆ ಮನಸ್ಸು ಬರಲ್ಲ. ಮಳೆ ಒಂದೇ ಇರಬಹುದು. ಜನ ಬಂದು ನೆಲೆ ನಿಂತ ಕ್ರಮ ಮಾತ್ರ ಪೂರ್ತಿ ಉಲ್ಟಾ.

ಈ ಮೇಲ್ಬಯಲಿನ ಹೆಸರು ಲಾನೋ ಎಸ್ಟಕಾಡೊ. ಪಶ್ಚಿಮ ಟೆಕ್ಸಸ್ ಮತ್ತು ಪೂರ್ವ ನ್ಯೂ ಮೆಕ್ಸಿಕೋ ಸೇರಿ, ಕರ್ನಾಟಕದ ಅರ್ಧಕ್ಕೆ ಹತ್ತಿರ ಬರುವಷ್ಟು ಜಾಗ. ರೊಟ್ಟಿ ಹಂಚಿನ ಹಾಗೆ ಸಪಾಟು. ವಾಯವ್ಯದಿಂದ ಆಗ್ನೇಯಕ್ಕೆ ಮೈಲಿಗೆ ಸುಮಾರು ಹತ್ತು ಅಡಿ ಇಳಿಜಾರಿದೆ ಅಂತಾರೆ, ಕಣ್ಣಿಗೆ ಕಾಣಲ್ಲ. ರಾಕಿ ಬೆಟ್ಟಗಳಿಂದ ಕೊಚ್ಚಿ ಬಂದ ಮರಳು, ಗರಸು ಲಕ್ಷಾಂತರ ವರ್ಷ ಹರಡಿ ಆದ ನೆಲ ಇದು. ಅದೇ ಮರಳಿನ ಪದರದಲ್ಲಿ ಒಗಲಾಲ ಅನ್ನುವ ಅಂತರ್ಜಲ ಕೂತಿದೆ. ಆಮೇಲೆ ಪೇಕೋಸ್ ನದಿ ಪಶ್ಚಿಮದಲ್ಲಿ ಕಣಿವೆ ಕೊರೆದು ಬೆಟ್ಟಕ್ಕೂ ಬಯಲಿಗೂ ನಡುವಿನ ನಂಟು ಕಡಿದುಹಾಕಿತು. ಬೆಟ್ಟದ ನೀರು ಈಗ ಇಲ್ಲಿಗೆ ಬರೋದಿಲ್ಲ. ಮೇಲೆ ಬಿದ್ದ ಮಳೆ ಇಳಿದರೆ ಇಳಿಯಿತು, ಅಷ್ಟೇ.

1541ರಲ್ಲಿ ಚಿನ್ನದ ಊರು ಹುಡುಕುತ್ತಾ ಸ್ಪೇನಿನ ಕೊರೊನಾಡೊ ಈ ಬಯಲಿಗೆ ಬಂದ. ಸಾವಿರ ಕುದುರೆ, ಐದು ಸಾವಿರಕ್ಕೂ ಹೆಚ್ಚು ಕುರಿ, ಜೊತೆಗೆ ದೊಡ್ಡ ಪರಿವಾರ. ಇಷ್ಟೆಲ್ಲ ಹಾದುಹೋದ ಮೇಲೂ ತುಳಿದ ಹುಲ್ಲು ಮತ್ತೆ ನೆಟ್ಟಗೆ ಎದ್ದು ನಿಲ್ಲುತ್ತಿತ್ತಂತೆ. ಹಿಂದೆ ಬರುವವರಿಗೆ ದಾರಿ ತೋರಿಸೋಕೆ ಕಲ್ಲಿಲ್ಲ, ಮರವಿಲ್ಲ. ಕೊನೆಗೆ ಬೈಸನ್ ಅನ್ನುವ ಕಾಡುದನಗಳ ಮೂಳೆ, ಸಗಣಿ ಗುಡ್ಡೆ ಹಾಕುತ್ತಾ ಹೋದರು. ಬೇಟೆಗೆ ಹೋದವರು ದಾರಿ ತಪ್ಪಿದಾಗ ಬಿಡಾರದಲ್ಲಿ ಕೊಂಬು ಊದಿ, ನಗಾರಿ ಬಾರಿಸಿ, ಬಂದೂಕು ಹಾರಿಸಿ ಕರೆಯಬೇಕಿತ್ತು. ದುರ್ಗದ ಸೀಮೆಯಲ್ಲಿ ಇದು ಸಾಧ್ಯವೇ ಇಲ್ಲ. ಯಾವ ದಿಕ್ಕಿಗೆ ತಿರುಗಿದರೂ ಒಂದು ಬಂಡೆಗುಡ್ಡ ಇದ್ದೇ ಇರುತ್ತೆ.

ಹಾಗಂತ ಬಯಲು ಖಾಲಿ ಇತ್ತು ಅಂತಲ್ಲ. ಲಬಕ್ ಪಕ್ಕದ ಒಂದು ತೊರೆಯ ಬಳಿ ಹನ್ನೆರಡು ಸಾವಿರ ವರ್ಷದಿಂದ ಜನ ಬಂದು ಹೋದ ಗುರುತು ಸಿಕ್ಕಿದೆ. ಹದಿನೆಂಟನೇ ಶತಮಾನದಿಂದ ಇದು ಕೊಮಾಂಚಿ ಅನ್ನುವ ಮೂಲನಿವಾಸಿಗಳ ನಾಡು. ನೀರು ಎಲ್ಲಿದೆ, ಯಾವ ತಿಂಗಳು ಇರುತ್ತೆ ಅನ್ನೋದು ಅವರಿಗೆ ಬಾಯಿಪಾಠ. ಅವರನ್ನು ಸೋಲಿಸಿದ್ದು ಹೆಚ್ಚಾಗಿ ಊಟ, ಸವಾರಿ ಕಿತ್ತುಕೊಂಡು. ಕಾಡುದನಗಳನ್ನು ಚರ್ಮಕ್ಕಾಗಿ ಬೇಟೆಗಾರರು ಮುಗಿಸಿದರು. 1874ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕರ್ನಲ್ ಮೆಕೆಂಜಿಯ ಸೈನ್ಯ ಪಾಲೊ ಡ್ಯೂರೊ ಕಣಿವೆಗೆ ನುಗ್ಗಿ, ಹಿಡಿದ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಗುಂಡಿಟ್ಟು ಕೊಂದಿತು. ಮುಂದಿನ ಬೇಸಿಗೆಗೆ ಕೊಮಾಂಚಿಗಳ ನಾಯಕ ಕ್ವಾನಾ ಪಾರ್ಕರ್ ಶರಣಾದ. ಆದರೆ ನೆಲ ಗೆದ್ದವರಿಗೆ ಆ ಬಾಯಿಪಾಠ ಬರುತ್ತಿರಲಿಲ್ಲ. 1877ರಲ್ಲಿ ಕೊಮಾಂಚಿಗಳ ಬೆನ್ನು ಹತ್ತಿದ ಒಂದು ಕುದುರೆ ಪಡೆ ದಾರಿ ತಪ್ಪಿ, ಮೂರು ದಿನಕ್ಕೂ ಹೆಚ್ಚು ನೀರಿಲ್ಲದೆ ಕುದುರೆಯ ರಕ್ತ ಕುಡಿದು ಅಲೆಯಿತು. ನಾಲ್ವರು ಸೈನಿಕರು ಸತ್ತರು.

ಆಮೇಲಿನದೆಲ್ಲ ಯಂತ್ರದ ಕೆಲಸ. ಮುಳ್ಳುತಂತಿ, ನೀರೆತ್ತುವ ಗಾಳಿಯಂತ್ರ, ರೈಲು. ಆಸ್ಟಿನ್‌ನಲ್ಲಿ ರಾಜ್ಯದ ಶಾಸನಸಭೆಯ ಕಟ್ಟಡ ಕಟ್ಟಿಕೊಟ್ಟದ್ದಕ್ಕೆ ಶಿಕಾಗೋದ ಒಂದು ಕೂಟಕ್ಕೆ ಇಲ್ಲಿ 30 ಲಕ್ಷ ಎಕರೆ ಕೊಟ್ಟರು, ಕಾಸಿನ ಬದಲು ನೆಲ! ಅದೇ ಎಕ್ಸ್‌ಐಟಿ ರಾಂಚ್. ಲಬಕ್ ಊರಾದದ್ದು 1890ರಲ್ಲಿ, ಜಗಳವಾಡುತ್ತಿದ್ದ ಎರಡು ಪುಟ್ಟ ಊರು ಕೂಡಿಕೊಂಡು. ರೈಲು ಬಂದದ್ದು 1909ರಲ್ಲಿ.

ನಮ್ಮೂರುಗಳ ಜೊತೆ ಹೋಲಿಸುವಾಗ ನನಗೆ ಮುಖ್ಯ ಅನ್ನಿಸೋದು 1895ರ ಒಂದು ಕಾಯ್ದೆ. ಒಬ್ಬ ವಕ್ಕಲು ಸರ್ಕಾರದಿಂದ ನಾಲ್ಕು ಸೆಕ್ಷನ್‌ವರೆಗೆ ನೆಲ ಕೊಳ್ಳಬಹುದಿತ್ತು. ಒಂದು ಸೆಕ್ಷನ್ ಅಂದರೆ 640 ಎಕರೆ. ಷರತ್ತು ಏನಪ್ಪಾ ಅಂದರೆ, ಮೂರು ವರ್ಷ ಆ ನೆಲದ ಮೇಲೇ ವಾಸ ಇರಬೇಕು. ಹಾಗಾಗಿ ಮನೆಗಳು ಮೈಲಿಗೊಂದರಂತೆ ಒಂಟಿಯಾಗಿ ಎದ್ದವು. ಪ್ರತಿ ಮನೆಗೂ ಅದರದೇ ಬಾವಿ, ಅದರದೇ ಗಾಳಿಯಂತ್ರ. ಇವತ್ತಿಗೂ ಹಳ್ಳಿಗಾಡಿನಲ್ಲಿ ಹೋದರೆ ಹಾಗೇ ಕಾಣುತ್ತೆ. ನಮ್ಮಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆ, ಸುತ್ತ ಹೊಲ, ತಗ್ಗಿನಲ್ಲಿ ಕೆರೆ. ಯಾಕೆಂದರೆ ನೀರು ಒಂದೇ ಕಡೆ ನಿಲ್ಲುತ್ತಿತ್ತು, ಅದನ್ನು ನಿಲ್ಲಿಸೋಕೆ ಊರಿಗೆ ಊರೇ ಬೇಕಿತ್ತು. ಏರಿಗೆ ಮಣ್ಣು ಹೊರಬೇಕು, ಹೂಳು ಎತ್ತಬೇಕು. ತೂಬು ಎತ್ತಿ ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ನೋಡೋಕೆ ನೀರುಗಂಟಿ ಬೇಕು, ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆದುಕೊಡಬೇಕು. ಇದರಲ್ಲಿ ಜಾತಿ, ಮೇಲು ಕೀಳು ಎಲ್ಲ ಇತ್ತು, ಅದನ್ನು ಮುಚ್ಚಿಡೋದು ಬೇಡ. ಕೆಳಗಿನ ಗದ್ದೆಗೆ ಕೊನೆಗೆ ನೀರು ಬಂದರೆ ಬಂತು. ಆದರೂ ನೀರು ಒಬ್ಬನ ಸ್ವತ್ತಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು.

"ಅಮೆರಿಕದವರಿಗೆ ಕೆರೆ ಕಟ್ಟೋ ಬುದ್ಧಿ ಇರಲಿಲ್ಲ" ಅಂತ ನಮ್ಮವರು ಕೆಲವರು ಬೀಗೋದುಂಟು. ಅದು ಸರಿಯಲ್ಲ. ಏರಿ ಹಾಕೋಕೆ ಎರಡು ಗುಡ್ಡ, ನಡುವೆ ಹಳ್ಳ ಬೇಕಲ್ವಾ? ಇಲ್ಲಿ ಎರಡೂ ಇಲ್ಲ. ಬದಲಿಗೆ ಪ್ಲಾಯಾ ಅನ್ನುವ ದುಂಡನೆಯ ತಗ್ಗುಗಳಿವೆ, ಟೆಕ್ಸಸ್ ಭಾಗದಲ್ಲೇ ಸುಮಾರು 20,000. ಮಳೆ ಬಂದಾಗ ತುಂಬುತ್ತವೆ, ಕೊಕ್ಕರೆ ಬಾತು ಬರುತ್ತವೆ, ಆಮೇಲೆ ಒಣಗುತ್ತವೆ. ಒಣಗಿದ ಪ್ಲಾಯಾದೊಳಗೆ ಇಳಿದು ನೋಡಿದರೆ ಬೇಸಿಗೆಯ ಎರೆ ಹೊಲದ ನೆನಪಾಗುತ್ತೆ, ಕೈ ಹೋಗುವಷ್ಟು ಅಗಲದ ಬಿರುಕು. ಮೊದಲ ಮಳೆಯ ನೀರು ಆ ಬಿರುಕಿನಲ್ಲೇ ಕೆಳಗಿಳಿಯೋದು. ಆಮೇಲೆ ಜೇಡಿ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತೆ. ಒಗಲಾಲಕ್ಕೆ ನೀರು ತುಂಬುವ ಮುಖ್ಯ ದಾರಿ ಇದು. ಅದನ್ನೂ ಎಷ್ಟೋ ಕಡೆ ಉತ್ತು ಹಾಕಿದ್ದಾರೆ, ಗುಂಡಿ ತೋಡಿದ್ದಾರೆ. ಕೆರೆ ಅಂಗಳದಲ್ಲಿ ಸೈಟು ಮಾಡಿದ ನಾವು ಏನು ಹೇಳೋಕಾಗುತ್ತೆ?

ಎರಡೂ ಕಡೆಯ ಕಥೆ ಒಂದಾಗೋದು ಬೋರ್‌ವೆಲ್ ಬಂದ ಮೇಲೆ. ಅದಕ್ಕೆ ಕಾನೂನಿನ ಬೇರೂ ಒಂದೇ, ಇಂಗ್ಲೆಂಡಿನದು. ರೈಲು ಕಂಪನಿಯೊಂದು ಬಾವಿ ತೋಡಿ ಪಕ್ಕದ ಮನೆಯ ಬಾವಿ ಬತ್ತಿದಾಗ, 1904ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟ್ ಕಂಪನಿಯದು ತಪ್ಪಿಲ್ಲ ಅಂದಿತು. ನಿನ್ನ ನೆಲದಡಿ ಸಿಕ್ಕಿದ್ದು ನಿನ್ನದು. ನಮ್ಮಲ್ಲಿ 1882ರ ಈಸ್‌ಮೆಂಟ್ ಕಾಯ್ದೆಯೂ ಹೇಳೋದು ಹೆಚ್ಚೂಕಡಿಮೆ ಅದನ್ನೇ. ಕೆರೆಯ ನೀರು ಊರಿನದು, ಬೋರ್‌ವೆಲ್ ನೀರು ಪಹಣಿಯಲ್ಲಿ ಹೆಸರಿದ್ದವನದು. ನಮ್ಮ ಬಯಲುಸೀಮೆ ಟೆಕ್ಸಸ್ ಆದದ್ದು ಅಲ್ಲಿಂದಲೇ.

ಇಲ್ಲಿ ಪರಿಚಯದ ಹತ್ತಿ ರೈತರೊಬ್ಬರ ಹೊಲದಲ್ಲಿ ಪಿವಟ್ ಇದೆ. ನಡುವೆ ಬಾವಿ, ಅದರ ಸುತ್ತ ಚಕ್ರದ ಮೇಲೆ ತಿರುಗುವ ಉದ್ದದ ಪೈಪು, ಪೈಪಿನಿಂದ ನೆಲದವರೆಗೆ ಜೋಲುವ ರಬ್ಬರ್ ಕೊಳವೆಗಳು. ಅವರಪ್ಪನ ಕಾಲದಲ್ಲಿ ಪೂರ್ತಿ ಸುತ್ತಿಗೆ ನೀರು ಬರುತ್ತಿತ್ತಂತೆ. ಈಗ ಅರ್ಧ ಸುತ್ತಿಗೆ ಹತ್ತಿ, ಉಳಿದರ್ಧಕ್ಕೆ ಮಳೆ ಬಂದರೆ ಜೋಳ. ಅವರ ನೀರಿನ ಮಟ್ಟ ನೋಡೋಕೆ ಅಂತರ್ಜಲ ಮಂಡಲಿಯವರು ಚಳಿಗಾಲದಲ್ಲಿ ಬಂದು ಬಾವಿಗೆ ಟೇಪು ಇಳಿಸುತ್ತಾರೆ. ಆ ಮಂಡಲಿ 1951ರದು, ಸ್ಥಳೀಯರೇ ಸದಸ್ಯರನ್ನು ಚುನಾಯಿಸುತ್ತಾರೆ. ಬಾವಿಗೆ ಬಾವಿಗೆ ಇಷ್ಟು ಅಂತರ ಇರಬೇಕು ಅನ್ನೋ ನಿಯಮವೂ ಅದರದೇ. ಇಳಿಕೆ ಅದರಿಂದ ನಿಂತಿಲ್ಲ, ನಿಜ. ಕೆಲವೆಡೆ ನೂರು ಅಡಿಗೂ ಜಾಸ್ತಿ ಇಳಿದಿದೆ. ಆದರೆ ಎಷ್ಟು ಉಳಿದಿದೆ ಅನ್ನೋದು ರೈತನಿಗೆ ಗೊತ್ತು. ನಮ್ಮಲ್ಲೂ 2011ರ ಅಂತರ್ಜಲ ಕಾಯ್ದೆ ಇದೆ. ಆದರೆ ಊರ ಕಡೆ ಇವತ್ತಿಗೂ ಪಾಯಿಂಟ್ ಹೇಳೋದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರು. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರಿರೋದು ಬಿರುಕಿನಲ್ಲಿ. ಅಳತೆ ಇಲ್ಲಿಗಿಂತ ನಮಗೇ ಹೆಚ್ಚು ಬೇಕಿತ್ತು.

ಹೊರಗಿನ ನದಿಯ ಕನಸು ಇವರಿಗೂ ಬಿದ್ದಿತ್ತು. ಮಿಸಿಸಿಪ್ಪಿ ನೀರನ್ನು ಈ ಬಯಲಿಗೆ ಏರಿಸುವ ಯೋಜನೆಯ ಸಾಲಕ್ಕೆ 1969ರಲ್ಲಿ ಟೆಕ್ಸಸ್ ಮತದಾರರು ಒಪ್ಪಿಗೆ ಕೊಡಲಿಲ್ಲ. ನಮಗೆ ಭದ್ರಾ ಮೇಲ್ದಂಡೆ ಇದೆ. ಬರಲಿ, ಬೇಡ ಅನ್ನಲ್ಲ. ತುಂಬಿಸೋಕೆ ಹಳೇ ಕೆರೆಗಳೂ ಇವೆ, ಇಲ್ಲಿನವರಿಗಿಲ್ಲದ ಅನುಕೂಲ ಅದು. ಆದರೆ ತುಂಬಿದ ಕೆರೆಯ ಸುತ್ತ ಎಷ್ಟು ಹೊಸ ಬೋರ್ ಕೊರೆಯಬಹುದು, ಅಡಿಕೆಗೆ ಎಷ್ಟು, ರಾಗಿ ಶೇಂಗಾಕ್ಕೆ ಎಷ್ಟು ಅನ್ನೋದನ್ನು ನಾಲೆ ನೀರು ಬರುವ ಮೊದಲೇ ಊರಿನವರು ಕೂತು ತೀರ್ಮಾನ ಮಾಡಬೇಕು. ನೀರು ಬಂದ ಮೇಲೆ ಆ ಮಾತು ಎತ್ತಿದರೆ ಯಾರೂ ಕೇಳಲ್ಲ. ಇಲ್ಲಿ 1951ರಲ್ಲಿ ಮಂಡಲಿ ಆಗುವ ಹೊತ್ತಿಗೆ ಪಂಪುಗಳು ಆಗಲೇ ಓಡುತ್ತಿದ್ದವು.