ಮಡಿಯಲ್ಲಿ ಕುಳಿತ ಪುಸ್ತಕ

ಗ್ರಂಥಾಲಯದ ಅಪರೂಪದ ಪುಸ್ತಕಗಳ ಕೋಣೆಗೆ ಹೋಗುವ ಮುನ್ನ ಕೈ ತೊಳೆದು ಒರೆಸಿಕೊಳ್ಳಬೇಕು. ಪೆನ್ನು ಹೊರಗೆ, ಪೆನ್ಸಿಲ್ ಮಾತ್ರ ಒಳಗೆ. ನೀರಿನ ಬಾಟಲಿಯಂತೂ ಸುತರಾಂ ಕೂಡದು. ಇಷ್ಟೆಲ್ಲ ಮಡಿಯಾಗಿ ನಾನು ನೋಡಲು ಕುಳಿತದ್ದು ಸೂರಿಲ್ಲದವರ ಮೇಲೆ, ಮೈ ತೊಳೆಯಲು ನೀರಿಗೂ ಗತಿಯಿಲ್ಲದವರ ಮೇಲೆ ಬರೆದ ಒಂದು ಪುಸ್ತಕವನ್ನು.

ವಿಲಿಯಂ ಬೂತ್ ಬರೆದ ‘ಇನ್ ಡಾರ್ಕೆಸ್ಟ್ ಇಂಗ್ಲೆಂಡ್ ಅಂಡ್ ದ ವೇ ಔಟ್’ (ಕಗ್ಗತ್ತಲ ಇಂಗ್ಲೆಂಡು ಮತ್ತು ಹೊರಬರುವ ದಾರಿ), 1890ರದು. ಬೂತ್ ಎಂದರೆ ಬಡವರ ನಡುವೆ ದುಡಿಯುವ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯನ್ನು ಕಟ್ಟಿ, ‘ಜನರಲ್’ ಎಂದು ಕರೆಸಿಕೊಂಡ ಪಾದ್ರಿ. ಅದೇ ವರ್ಷ ಅನ್ವೇಷಕ ಹೆನ್ರಿ ಸ್ಟ್ಯಾನ್ಲಿ ತನ್ನ ಆಫ್ರಿಕಾ ತಿರುಗಾಟದ ಪುಸ್ತಕಕ್ಕೆ ‘ಇನ್ ಡಾರ್ಕೆಸ್ಟ್ ಆಫ್ರಿಕಾ’ ಎಂದು ಹೆಸರಿಟ್ಟಿದ್ದ. ಕತ್ತಲೆ ಹುಡುಕಿಕೊಂಡು ಅಷ್ಟು ದೂರ ಯಾಕೆ, ನಮ್ಮ ಹಿತ್ತಲಲ್ಲೇ ಬೇಕಾದಷ್ಟಿದೆ ಎಂದು ಬೂತ್ ಆ ಹೆಸರನ್ನೇ ತಿರುಗಿಸಿಟ್ಟ. ಈ ಹೋಲಿಕೆಗೆ ಆಫ್ರಿಕಾದವರು ಏನೆಂದಾರು ಎಂದು ಕೇಳುವ ಗೋಜಿಗೆ ಅವನೂ ಹೋಗಲಿಲ್ಲ.

ಆದರೆ ಮನುಷ್ಯನಿಗೆ ಮಾತು ಗೊತ್ತಿತ್ತು. ಲಂಡನ್ನಿನ ಬಾಡಿಗೆ ಗಾಡಿಯ ಕುದುರೆ ಮುಗ್ಗರಿಸಿ ಬಿದ್ದರೆ ಜನ ಮೊದಲು ಅದನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ತಪ್ಪು ಯಾರದು ಎಂದು ಪಂಚಾಯಿತಿ ಕೂರುವುದಿಲ್ಲ. ಬದುಕಿರುವಷ್ಟು ದಿನ ಅದಕ್ಕೆ ತಂಗಲು ಲಾಯ, ಹೊಟ್ಟೆಗೆ ಮೇವು, ಮಾಡಲು ಕೆಲಸ ಇದ್ದೇ ಇರುತ್ತದೆ. ಮನುಷ್ಯನಿಗೂ ಇಷ್ಟು ಸಿಗಲಿ ಎಂಬುದು ಅವನ ವಾದ. ಈ ಕುದುರೆಯ ಭಾಗ್ಯವೂ ಇಲ್ಲದವರು 30 ಲಕ್ಷ, ಅಂದರೆ ದೇಶದ ಜನರಲ್ಲಿ ಹತ್ತರಲ್ಲೊಂದು ಪಾಲು ಎಂದು ಲೆಕ್ಕ ಹಾಕಿ, ಅವರನ್ನು ‘ಮುಳುಗಿದ ಹತ್ತನೇ ಪಾಲು’ ಎಂದು ಕರೆದ.

ಬರೆದು ಸುಮ್ಮನಾಗಲಿಲ್ಲ. ಬಿಳಿ ರಂಜಕದಿಂದ (ಫಾಸ್ಫರಸ್) ಬೆಂಕಿಕಡ್ಡಿ ಮಾಡುವ ಹೆಂಗಸರ ದವಡೆ ಕೊಳೆಯುತ್ತಿದ್ದ ಕಾಲ ಅದು. 1891ರಲ್ಲಿ ಅವನ ಸಂಸ್ಥೆ ಆ ಅಪಾಯವಿಲ್ಲದ ಕೆಂಪು ರಂಜಕ ಬಳಸುವ ಕಡ್ಡಿ ಕಾರ್ಖಾನೆಯನ್ನೇ ತೆರೆಯಿತು. ಪುಸ್ತಕದ ಹೆಸರನ್ನು ನೆನಪಿಸುವ ಚೀಟಿ ಹೊತ್ತು ಕಡ್ಡಿಪೆಟ್ಟಿಗೆಗಳು ಪೇಟೆಗೆ ಬಂದವು. ಪುಸ್ತಕವೊಂದು ಕಡ್ಡಿ ಗೀರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ವರ್ಷದೊಳಗೆ ಸುಮಾರು 2 ಲಕ್ಷ ಪ್ರತಿ ಖರ್ಚಾದ ಪುಸ್ತಕ ಇದು. ಅವುಗಳಲ್ಲಿ ಕೈಯಿಂದ ಕೈಗೆ ದಾಟಿದವು ಹರಿದುಹೋಗಿರಬೇಕು, ಗಾಜಿನ ಬೀರುವಿನಲ್ಲಿ ಕುಳಿತವು ಉಳಿದಿರಬೇಕು. ಸಂಗ್ರಾಹಕರ ಮಾತು ಕೇಳಿ ನೋಡಿ: ರಟ್ಟು ಮಾಸಿರಬಾರದು, ಅಂಚಿನಲ್ಲಿ ಯಾರೂ ಗೀಚಿರಬಾರದು, ಒಳಗಿನ ಚಿತ್ರದ ಮಡಿಕೆ ಸವೆದಿರಬಾರದು. ಅಂದರೆ ಯಾರೂ ಓದಿರಬಾರದು. ಓದಿ ಎದೆ ಕರಗಿದವನ ಕಣ್ಣೀರಿನ ಕಲೆ ಇದ್ದರೆ ಬೆಲೆ ಇಳಿಯಿತು!

ಕಾಗದದ ಕಥೆ ಇನ್ನೂ ವಿಚಿತ್ರ. ಹಿಂದೆ ಯುರೋಪಿನಲ್ಲಿ ಕಾಗದ ಮಾಡುತ್ತಿದ್ದುದು ಹಳೆ ಬಟ್ಟೆಯ ಚಿಂದಿಯಿಂದ. ಅದನ್ನು ಆಯ್ದು ತರುತ್ತಿದ್ದವರು ಬಡವರು. ಆ ಕಾಗದ ಶತಮಾನಗಳನ್ನು ಕಂಡರೂ ಜಗ್ಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಮರದ ತಿರುಳಿನ ಅಗ್ಗದ ಕಾಗದ ಬಂತು. ಜೊತೆಗೇ ಆಮ್ಲವೂ ಬಂತು, ಹಾಳೆಗಳು ಹಪ್ಪಳದಂತೆ ಮುರಿಯತೊಡಗಿದವು. ಬೂತ್ ತನ್ನ ಯೋಜನೆಯಲ್ಲಿ ಮನೆಮನೆಯಿಂದ ಹಳೆ ಬೂಟು, ಬಾಟಲಿ, ಡಬ್ಬ, ಚಿಂದಿ ಸಂಗ್ರಹಿಸುವ ಪಡೆಯನ್ನೂ ಸೇರಿಸಿದ್ದ. ಅವನಿಗೆ ರದ್ದಿಯ ಬೆಲೆ ಗೊತ್ತಿತ್ತು. ತನ್ನ ಪುಸ್ತಕವೇ ಒಂದು ದಿನ ರದ್ದಿಯ ಗುಣ ತೋರಿಸಿ, ಆ ಕಾರಣಕ್ಕೇ ತುಟ್ಟಿಯಾಗುತ್ತದೆ ಎಂದು ಎಣಿಸಿರಲಾರ.

ಮಡಚಿಟ್ಟ ಬಣ್ಣದ ಚಿತ್ರವನ್ನು ಗ್ರಂಥಪಾಲಕಿಯೇ ಬಿಚ್ಚಿ ತೋರಿಸಿದರು. ಕೆಳಗೆ ಮೊರೆಯುವ ಕಡಲು, ಅದರಲ್ಲಿ ಕೈ ಮೇಲೆತ್ತಿ ಮುಳುಗುತ್ತಿರುವ ಜನ, ನಡುವೆ ದೀಪಸ್ತಂಭ, ಸಮವಸ್ತ್ರ ತೊಟ್ಟವರು ಬಗ್ಗಿ ಬಗ್ಗಿ ಎಳೆದುಕೊಳ್ಳುತ್ತಿದ್ದಾರೆ. ಮೇಲೆ ಹೊಲಗಳು, ಅದರಾಚೆ ಹೊರದೇಶಕ್ಕೆ ಹೊರಟ ಹಡಗುಗಳು.

‘ಇನ್ನೊಮ್ಮೆ ಬಿಚ್ಚಲು ಹೇಳಬೇಡಿ. ಬಿಚ್ಚಿದಷ್ಟೂ ಸಲ ಸವೆಯುತ್ತದೆ’ ಎಂದರು.

ಮಡಚುವಾಗ ಅಂಚಿನಿಂದ ಉಗುರಿನಷ್ಟು ಚೂರು ಮೇಜಿನ ಮೇಲೆ ಬಿತ್ತು. ಕಡಲಿನ ಮಗ್ಗುಲಿನದೇ. ಅದರಲ್ಲಿ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದೆ. ಇರಲಿಲ್ಲ, ಬರೀ ನೀರು. ಅವರು ಅದನ್ನು ಚಿಮುಟದಿಂದ ಎತ್ತಿ, ಪುಟ್ಟ ಲಕೋಟೆಯೊಳಗಿಟ್ಟು, ಮೇಲೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದರು.