ಕುಜ (ಮಂಗಳ) ಕರ್ಕಾಟಕ ರಾಶಿಯಲ್ಲಿದ್ದ, ಸರಿ. ಆಮೇಲೆ?

ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವನು ನಾನು. ಪಂಚಾಂಗದ ಗಳಿಗೆ ನಡುರಾತ್ರಿ ಬಂದರೂ ಚಳಿಯಲ್ಲಿ ನಿಂತು ತೀರ್ಥಕ್ಕೆ ಕಾಯುತ್ತೇನೆ. ಹಾಗಾಗಿ, ಹಡಗಿನ ಅಪಘಾತಕ್ಕೆ ಗ್ರಹ ಕಾರಣ ಅನ್ನುವುದನ್ನು ನಾನು ಒಪ್ಪದಿದ್ದರೆ, ಅದನ್ನು ನಂಬಿಕೆ ಇಲ್ಲದವನ ಮಾತು ಅಂತ ತಳ್ಳಿಹಾಕಬೇಡಿ.

2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತು. 640 ಕಂಟೇನರ್‌ಗಳಿದ್ದವು. ಪುಣ್ಯಕ್ಕೆ ಹಡಗಿನಲ್ಲಿದ್ದ 24 ಜನರೂ ಉಳಿದರು. ನಮಗೆ ಮೀನು ಬರುವುದೇ ಆ ಕಡೆಯಿಂದ ಅಲ್ವಾ, ಕೆಲವು ದಿನ ನಮ್ಮ ಮನೆಯಲ್ಲಿ ಮೀನು ತರಲಿಲ್ಲ. ಹದಿನೈದು ದಿನಕ್ಕೆ, ಜೂನ್ 9ಕ್ಕೆ, ಕೇರಳದ ಕಡಲಲ್ಲೇ ವಾನ್ ಹೈ 503 ಎಂಬ ಇನ್ನೊಂದು ಹಡಗು ಹೊತ್ತಿ ಉರಿಯಿತು.

ದೊಡ್ಡಪ್ಪ ಫೋನ್ ಮಾಡಿದರು. "ನೋಡು ಮಗಾ, ಮೇ ತಿಂಗಳಲ್ಲಿ ಕುಜ ಕರ್ಕಾಟಕದಲ್ಲಿ ನೀಚನಾಗಿದ್ದ, ಬಲ ಕಳಕೊಂಡಿದ್ದ. ಜಲರಾಶಿ. ಹಡಗು ಮುಳುಗಿತು. ಈಗ ಸಿಂಹಕ್ಕೆ ಬಂದು ಕೇತು ಜೊತೆ ಕೂತಿದ್ದಾನೆ. ಅಗ್ನಿರಾಶಿ. ಬೆಂಕಿ ಬಿತ್ತು."

ಮೈ ಜುಮ್ಮೆಂದಿತು. ಪಂಚಾಂಗ ತೆಗೆದು ನೋಡಿದೆ. ಗ್ರಹಗಳು ಅವರು ಹೇಳಿದಲ್ಲೇ ಇದ್ದವು.

ಆದರೆ ರಾತ್ರಿ ನಿದ್ದೆ ಬರಲಿಲ್ಲ. ಕುಜ ಕರ್ಕಾಟಕಕ್ಕೆ ಬಂದದ್ದು ಏಪ್ರಿಲ್ ಮೊದಲ ವಾರ. ಎರಡು ತಿಂಗಳು ಅಲ್ಲೇ ಇದ್ದ. ಅಷ್ಟೂ ದಿನ ಅದೇ ಕಡಲಲ್ಲಿ ಎಷ್ಟೋ ಹಡಗುಗಳು ಸುಮ್ನೆ ಬಂದು ಹೋದವು. ಎರಡು ವರ್ಷಕ್ಕೊಮ್ಮೆ ಅವನು ಆ ರಾಶಿಗೆ ಬಂದೇ ಬರುತ್ತಾನೆ. "ಏಪ್ರಿಲಲ್ಲೇ ಯಾಕೆ ಹೇಳಲಿಲ್ಲ ದೊಡ್ಡಪ್ಪ?" ಅಂತ ಮರುದಿನ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಹಡಗು ಅಂತ ಹೇಗೆ ಗೊತ್ತಾಗುತ್ತೆ ಮಗಾ?" ಅಂದರು. ಪ್ರಾಮಾಣಿಕ ಮನುಷ್ಯ.

ಯುಗಾದಿಗೆ ವರ್ಷದ ರಾಜ, ಮಂತ್ರಿ, ಮೇಘಾಧಿಪತಿ ಯಾರು ಅಂತ ಕೇಳುತ್ತೇವಲ್ಲ, ಅದೂ ಈ ಮೇದಿನೀ ಜ್ಯೋತಿಷದ್ದೇ, ಅಂದರೆ ಒಬ್ಬ ಮನುಷ್ಯನಿಗಲ್ಲದೆ ಊರಿಗೆ, ದೇಶಕ್ಕೆ ಫಲ ಹೇಳುವ ಜ್ಯೋತಿಷದ್ದೇ ಕೂಸು. ಕೇಳಲು ನನಗೂ ಇಷ್ಟ. ಅಪಘಾತ ಆದಮೇಲೆ ಕುಂಡಲಿ ಹಾಕುವುದು ಮಾತ್ರ ಬೇರೆಯೇ ಕೆಲಸ.

ಟೈಟಾನಿಕ್ ನೋಡಿ. ಅದು 1912ರ ಏಪ್ರಿಲ್ 15ರ ನಸುಕಿಗೆ ಮುಳುಗಿತು, 17ಕ್ಕೆ ಸೂರ್ಯಗ್ರಹಣ. ಕುಂಡಲಿ ಹಾಕುವವರು ಈ ಗ್ರಹಣವನ್ನು ಬಿಡುವುದಿಲ್ಲ. ಆದರೆ ಆ ರಾತ್ರಿ ಅದೇ ಆಕಾಶದ ಕೆಳಗೆ ಇನ್ನೂ ಎರಡು ಹಡಗುಗಳಿದ್ದವು. ಕಾರ್ಪೇಥಿಯಾ ಮಂಜುಗಡ್ಡೆಗಳ ನಡುವೆ ಓಡಿಬಂದು 700ಕ್ಕೂ ಜಾಸ್ತಿ ಜನರನ್ನು ಉಳಿಸಿತು. ಇನ್ನೂ ಹತ್ತಿರವಿದ್ದ ಕ್ಯಾಲಿಫೋರ್ನಿಯನ್‌ಗೆ ಕೂಗು ಕೇಳಲೇ ಇಲ್ಲ, ಅದರ ವೈರ್‌ಲೆಸ್ ನೋಡುವವನು ಮಲಗಿಬಿಟ್ಟಿದ್ದ. ಗ್ರಹ ಮೂರಕ್ಕೂ ಒಂದೇ. ಆಮೇಲೆ ಹಡಗುಗಳಲ್ಲಿ ಹಗಲೂ ರಾತ್ರಿ ರೇಡಿಯೋ ಕಾವಲು ಬಂದದ್ದು ಆ ನಿದ್ದೆಯ ಬಗ್ಗೆ ಪ್ರಶ್ನೆ ಕೇಳಿದ್ದರಿಂದ.

ನನಗೆ ಇಷ್ಟು ಸಂಕಟ ಯಾಕೆ ಅಂದರೆ, 2018ರಲ್ಲಿ ಇದನ್ನೇ ನಮ್ಮ ಮೇಲೂ ಹೇಳಿದರು. ಜುಲೈ 27ಕ್ಕೆ ಚಂದ್ರಗ್ರಹಣ, ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿತು. ಗ್ರಹಣದ ಫಲ ಅಂದರು. ಗುಡ್ಡದ ಬುಡ ಕಡಿದವರ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಅದೇ ಗ್ರಹಣ ಅರ್ಧ ಜಗತ್ತಿಗೆ ಕಂಡಿತ್ತು.

ವಾನ್ ಹೈಯಲ್ಲಿದ್ದವರು 22 ಜನ. 18 ಮಂದಿ ಪಾರಾದರು, ನಾಲ್ವರು ಕಾಣೆಯಾದರು. ಮೊದಲು ಹೊತ್ತಿಕೊಂಡ ಕಂಟೇನರ್‌ನಲ್ಲಿ ಏನಿತ್ತು, ಅದನ್ನು ಅಲ್ಲಿ ಇಡಲು ಯಾರು ಒಪ್ಪಿದರು ಅಂತ ಆ ನಾಲ್ಕು ಮನೆಯವರು ಕೇಳುತ್ತಿರುತ್ತಾರೆ. ಅವರಿಗೆ ಕುಜ ಸಿಂಹಕ್ಕೆ ಬಂದಿದ್ದ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.