ನಮ್ಮೂರ ಹುಸೇನಪ್ಪ, ಅವರ ಹುಸೇನ್ ಒಬಾಮ

ಅಮೆರಿಕದ ಚುನಾವಣೆ ಮುಗಿದ ವಾರ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಣ್ಣನ ವರಸೆಯವರ ಮಗ ಒಂದು ಸಾಲು ಹಾಕಿದ್ದ. "ಕಾಕಾ, ನಿಮ್ಮ ಸಾಬರ ಊರೂ ಟ್ರಂಪ್‌ಗೆ ಬಿತ್ತಂತಲ್ಲ!" ಕೆಳಗೆ ನಾಲ್ಕು ನಗುವ ಮುಖ. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಕೆಟ್ಟವನೇನಲ್ಲ. ಆದರೂ "ನಿಮ್ಮ ಸಾಬರ ಊರು" ಅನ್ನೋದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಯಿತು.

ಸುದ್ದಿ ಏನೋ ನಿಜ. 2024ರ ನವೆಂಬರಿನಲ್ಲಿ ನಾನಿರುವ ಡಿಯರ್‌ಬಾರ್ನ್‌ನಲ್ಲಿ ಟ್ರಂಪ್‌ಗೆ ನೂರಕ್ಕೆ 42ರಷ್ಟು, ಕಮಲಾ ಹ್ಯಾರಿಸ್‌ಗೆ 36ರಷ್ಟು, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 18ರಷ್ಟು ಓಟು ಬಿದ್ದವು. ಅದಕ್ಕೂ ನಾಲ್ಕು ವರ್ಷದ ಹಿಂದೆ ಇದೇ ಊರು ಬೈಡನ್‌ಗೆ ನೂರಕ್ಕೆ 70ರ ಹತ್ತಿರ ಕೊಟ್ಟಿತ್ತು. ಹುಡುಗನಿಗೆ ಉತ್ತರ ಬರೆಯಲು ಕೂತೆ, ಅಳಿಸಿದೆ, ಮತ್ತೆ ಬರೆದೆ. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಅದು.

ಡಿಯರ್‌ಬಾರ್ನ್ ಅಂದರೆ ಡೆಟ್ರಾಯ್ಟ್‌ಗೆ ಅಂಟಿಕೊಂಡ ಊರು. ಫೋರ್ಡ್‌ನ ರೂಜ್ ಕಾರ್ಖಾನೆಯ ಕೆಲಸ ಹುಡುಕಿಕೊಂಡು ನೂರು ವರ್ಷದ ಹಿಂದೆಯೇ ಅರಬರು ಇಲ್ಲಿಗೆ ಬಂದರು. ಆಮೇಲೆ ಲೆಬನಾನಿನ ಯುದ್ಧ ಒಂದಷ್ಟು ಜನರನ್ನು ತಂದಿತು, ಇರಾಕಿನ ಯುದ್ಧ ಇನ್ನಷ್ಟು ಜನರನ್ನು. ವಾರೆನ್ ಅವೆನ್ಯೂದಲ್ಲಿ ನಡೆದರೆ ಅಂಗಡಿ ಬೋರ್ಡುಗಳಲ್ಲಿ ಅರಬಿಯೇ ಜಾಸ್ತಿ. 2004ರಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯ ಕೆಲಸಕ್ಕೆ ಬಂದ ನಾನು ಬಾಡಿಗೆ ಕಮ್ಮಿ ಅನ್ನೋ ಒಂದೇ ಕಾರಣಕ್ಕೆ ಇಲ್ಲಿ ಮನೆ ಹಿಡಿದೆ. ಹೆಸರು ಕೇಳಿ ಯಾರೂ ವಾಪಸ್ ಕಳಿಸಲಿಲ್ಲ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಬೇಕರಿ ಇದೆ. ಬಿಸಿ ರೊಟ್ಟಿಯ ಮೇಲೆ ಎಣ್ಣೆ ಹಾಕಿ ಕಲಸಿದ ಜಾತರ್ ಪುಡಿ ಸವರಿ ಕೊಡುತ್ತಾರೆ. ಕಣ್ಣು ಮುಚ್ಚಿ ತಿಂದರೆ ಗುರೆಳ್ಳು ಪುಡಿಯ ನೆನಪಾಗುತ್ತದೆ, ಕಣ್ಣು ತೆರೆದರೆ ಹಿಮ. ಮಾಲೀಕರು ದಕ್ಷಿಣ ಲೆಬನಾನಿನ ಬಿಂತ್ ಜ್ಬೈಲ್ ಕಡೆಯವರು. ಅವರನ್ನು ಎಲ್ಲರೂ "ಅಮ್ಮೂ" ಅಂತಾರೆ, ಅಂದರೆ ಕಾಕಾ. ನಾನೂ ಹಾಗೇ ಕರೆಯುತ್ತೇನೆ.

2009ರ ಜೂನ್ 4, ಗುರುವಾರ. ಬೆಳಗಿನ ಆರೂ ಕಾಲಕ್ಕೆ ಬೇಕರಿಗೆ ಹೋದರೆ ಕೌಂಟರಿನಲ್ಲಿ ಯಾರೂ ಇಲ್ಲ. ಎಂಟು ಹತ್ತು ಜನ ಮೂಲೆಯ ಟಿವಿಗೆ ಮುಖ ಮಾಡಿ ನಿಂತಿದ್ದರು. ಕೈರೋದಲ್ಲಿ ಆಗ ಮಧ್ಯಾಹ್ನ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಒಬಾಮ ಮಾತಿಗೆ ನಿಂತಿದ್ದರು, ಅಧ್ಯಕ್ಷರಾಗಿ ಇನ್ನೂ ಐದು ತಿಂಗಳು ತುಂಬಿರಲಿಲ್ಲ. ತಮ್ಮ ದೇಶದ ಮುಸಲ್ಮಾನರ ಪರವಾಗಿ ಒಂದು ನಮಸ್ಕಾರ ತಂದಿದ್ದೇನೆ ಅಂತ ಹೇಳಿ "ಅಸ್ಸಲಾಮು ಅಲೈಕುಮ್" ಅಂದರು. ಸಭೆ ಚಪ್ಪಾಳೆ ತಟ್ಟಿತು. ನಮ್ಮ ಅಮ್ಮೂ ಹಿಟ್ಟಿನ ಕೈಯನ್ನು ಎದೆಗಿಟ್ಟುಕೊಂಡು ಟಿವಿಗೇ "ವ ಅಲೈಕುಮ್ ಅಸ್ಸಲಾಮ್" ಅಂತ ಉತ್ತರ ಕೊಟ್ಟರು. ಒಲೆಯಲ್ಲಿದ್ದ ರೊಟ್ಟಿ ಸೀದು ಹೋಯಿತು. ಆ ದಿನ ನಾನು ಆಫೀಸಿಗೆ ಲೇಟು.

ಸಲಾಮಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲೆ ಬಂದ ಮಾತು. ಇರಾನಿನಲ್ಲಿ ಜನ ಆರಿಸಿದ್ದ ಸರ್ಕಾರವನ್ನು ಬೀಳಿಸುವುದರಲ್ಲಿ ಅಮೆರಿಕದ ಕೈಯಿತ್ತು ಅಂತ ಅಮೆರಿಕದ ಅಧ್ಯಕ್ಷರೇ ಅರಬರ ನಡುವೆ ನಿಂತು ಒಪ್ಪಿಕೊಂಡರು. ಅದು 1953ರ ಕಥೆ. ಪ್ಯಾಲೆಸ್ಟೀನಿನ ನೆಲದಲ್ಲಿ ಇಸ್ರೇಲ್ ವಸತಿ ಕಟ್ಟುತ್ತಾ ಹೋಗುವುದನ್ನು ನಾವು ಒಪ್ಪುವುದಿಲ್ಲ ಅಂದರು. ಅದೇ ಉಸಿರಿನಲ್ಲಿ, ಯಹೂದಿಗಳ ಹತ್ಯಾಕಾಂಡ ನಡೆದೇ ಇಲ್ಲ ಅನ್ನುವವರಿಗೂ ಬಿಸಿ ಮುಟ್ಟಿಸಿದರು. ಟಿವಿ ಮುಂದೆ ನಿಂತವರಲ್ಲಿ ಒಬ್ಬಿಬ್ಬರು ಮುಖ ಗಂಟಿಕ್ಕಿದರು, ಆದರೆ ಯಾರೂ ಹೊರಗೆ ಹೋಗಲಿಲ್ಲ. ಒಂದು ಭಾಷಣದಿಂದ ಎಷ್ಟೋ ವರ್ಷದ ಅಪನಂಬಿಕೆ ಹೋಗಲ್ಲ ಅಂತಲೂ ಒಬಾಮ ಅವರೇ ಹೇಳಿದರು. ಆ ಮಾತನ್ನು ಆ ಬೆಳಿಗ್ಗೆ ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ರಾತ್ರಿ ಹುಬ್ಬಳ್ಳಿಗೆ ಫೋನ್ ಮಾಡಿದೆ. ಅಲ್ಲಿ ಶುಕ್ರವಾರದ ಬೆಳಗು.

"ಮ್ಯಾಲಿನ ಮನಿ ಇನ್ನೂ ಖಾಲಿನ ಐತಿ ನೋಡಪ್ಪ," ಅಂದಳು ಅವ್ವ. "ಮೊನ್ನೆ ಒಬ್ರು ಬಂದಿದ್ರು, ಸಾಲಿ ಮಾಸ್ತರು. ಗಂಡ ಹೆಂಡ್ತಿ, ಎರಡು ಕೂಸು. ಛಲೋ ಮಂದಿ. ಹೆಸರು ಕೇಳಿದ ಮ್ಯಾಲ ನಿಮ್ಮಪ್ಪ, ಮನಿ ಆಗಲೇ ಕೊಟ್ಟೇವ್ರೀ ಅಂತ ಹೇಳಿ ಕಳಿಸಿದ್ರು."

ದನಿಯಲ್ಲಿ ಸಿಟ್ಟಿಲ್ಲ, ದ್ವೇಷವೂ ಇಲ್ಲ. ಬದನೆಕಾಯಿ ತುಟ್ಟಿಯಾಗಿದೆ ಅಂದ ಹಾಗೆ. ಅದರ ಬೆನ್ನಿಗೇ, "ಈ ಸಲ ಅಲಾಯಿ ದೇವರಿಗೆ ನಿನ್ನ ಹೆಸರಿಲೆ ಸಕ್ರಿ ಓದಸ್ತೀನಿ, ನಿನ್ನ ಗ್ರೀನ್ ಕಾರ್ಡ್ ಆಗಲಿ" ಅಂದಳು.

ನಮ್ಮ ಮೂಲ ಊರು ಮುದಗಲ್ ಕಡೆ. ಅಲಾಯಿ ಅಂದರೆ ನಮ್ಮ ಕಡೆಯ ಮೊಹರಂ. ಅದರ ಬೆಂಕಿ ಕುಣಿಯ ಸುತ್ತ ಕುಣಿದು ಬೆಳೆದವನು ನಾನು. ಎರಡು ವರ್ಷ ಫಕೀರನಾಗಿದ್ದೆ, ಫಕೀರರ ಲಾಡಿ ದಾರ ಹಾಕಿಕೊಂಡು ಐದು ಮನೆ ಬೇಡಿದ್ದೆ. ಮೊಹರಂನ ಖತಲ್ ರಾತ್ರಿ ಎಚ್ಚರ ಇರುತ್ತೇನೆ ಅಂತ ಹಟ ಹಿಡಿದು, ಚೊಂಗೆ ತಿಂದು, ಅಜ್ಜಿಯ ತೊಡೆ ಮೇಲೆ ಮಲಗಿಬಿಡುತ್ತಿದ್ದೆ. ಇದನ್ನೆಲ್ಲ ಒಮ್ಮೆ ಅಮ್ಮೂಗೆ ಹೇಳಿದೆ. ಅವರು ಶಿಯಾ, ಮೊಹರಂ ಅಂದರೆ ಅವರಿಗೆ ಹುಸೇನರ ಸಾವಿನ ದುಃಖ, ಕಪ್ಪು ಬಟ್ಟೆ, ಕಣ್ಣೀರು. ನಮ್ಮಲ್ಲಿ ಹುಲಿವೇಷ ಹಾಕುತ್ತಾರೆ ಅಂದಾಗ ಲಟ್ಟಣಿಗೆ ಕೆಳಗಿಟ್ಟು, "ಹುಲಿಯಾ? ಹುಸೇನರಿಗೆ ಹುಲಿಯಾ?" ಅಂತ ಎರಡು ಸಲ ಕೇಳಿದರು. ಅವರಿಗೆ ಬೇಜಾರಾಯಿತೋ ಖುಷಿಯಾಯಿತೋ ನನಗೆ ಗೊತ್ತಾಗಲಿಲ್ಲ.

ಊರಿನಲ್ಲಿ ನಮ್ಮ ಕುರಿ ಮೇಯಿಸುತ್ತಿದ್ದವನ ಹೆಸರು ಹುಸೇನಪ್ಪ. ಹಾಲುಮತದವನು. ಅಲಾಯಿ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ, ಅದಕ್ಕೆ ಆ ಹೆಸರು. ಅವನ ತಂಗಿ ಹುಸೇನಮ್ಮ. ಊರಿನಲ್ಲಿ ಯಾರೂ ಆ ಹೆಸರನ್ನು ಎರಡನೇ ಸಲ ತಿರುಗಿ ನೋಡಲಿಲ್ಲ.

ಅಂಥ ಕಡೆಯಿಂದ ಬಂದ ನನಗೆ 2008ರ ಚುನಾವಣೆ ವಿಚಿತ್ರ ಅನ್ನಿಸಿತ್ತು. ಇಲ್ಲಿ ಹುಸೇನ್ ಅನ್ನೋದು ಬೈಗುಳ ಆಗಿತ್ತು. ಸಿನ್ಸಿನಾಟಿಯಲ್ಲಿ ರೇಡಿಯೊದವನೊಬ್ಬ ಒಬಾಮ ಎದುರಾಳಿ ಮೆಕೇನ್ ಅವರ ಸಭೆಯಲ್ಲಿ "ಬರಾಕ್ ಹುಸೇನ್ ಒಬಾಮ" ಅಂತ ಒತ್ತಿ ಒತ್ತಿ ಹೇಳಿದ. ಮೆಕೇನ್ ಆಮೇಲೆ ಕ್ಷಮೆ ಕೇಳಿದರು. ಅಕ್ಟೋಬರಿನಲ್ಲಿ ಮಿನ್ನೆಸೋಟದಲ್ಲಿ ಒಬ್ಬ ಹೆಂಗಸು, ಒಬಾಮ ಅರಬ ಅಂದಾಗ ಮೆಕೇನ್ ಮೈಕು ತಗೊಂಡು, ಇಲ್ಲಮ್ಮ, ಅವರು ಮರ್ಯಾದಸ್ಥ ಸಂಸಾರಿ ಅಂದರು. ಎಲ್ಲರೂ ಹೊಗಳಿದರು. ನಮ್ಮ ಅಮ್ಮೂ ಮಾತ್ರ, "ಹಾಗಾದರೆ ನಾನು ಸಂಸಾರಿ ಅಲ್ವಾ?" ಅಂದರು. ಸರಿಯಾದ ಪ್ರಶ್ನೆ ಬಂದಿದ್ದು ಕಾಲಿನ್ ಪಾವೆಲ್ ಅವರಿಂದ. ಅದೇ ತಿಂಗಳು ಟಿವಿಯಲ್ಲಿ ಅವರು, ಒಬಾಮ ಮುಸ್ಲಿಂ ಅಲ್ಲ, ಆದರೆ ಆಗಿದ್ದರೆ ತಪ್ಪೇನು ಅಂತ ಕೇಳಿದರು. ಇಷ್ಟು ದೊಡ್ಡ ದೇಶದಲ್ಲಿ ಅದನ್ನು ಕೇಳಲು ಒಬ್ಬ ರಿಟೈರ್ಡ್ ಜನರಲ್ ಬೇಕಾಯಿತು.

ಒಬಾಮ ಪಾಳಯವೂ ಸುಮ್ನೆ ಕೂತಿರಲಿಲ್ಲ, ಹೆದರಿತ್ತು. 2008ರ ಜೂನ್‌ನಲ್ಲಿ ಇಲ್ಲೇ ಡೆಟ್ರಾಯ್ಟ್‌ನ ಸಭೆಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಇಬ್ಬರು ಹುಡುಗಿಯರನ್ನು ವೇದಿಕೆಯ ಹಿಂದೆ, ಕ್ಯಾಮೆರಾಗೆ ಕಾಣುವ ಜಾಗದಲ್ಲಿ ಕೂರಲು ಬಿಡಲಿಲ್ಲ. ಸುದ್ದಿ ಹೊರಬಿತ್ತು. ಒಬಾಮ ತಾವೇ ಫೋನ್ ಮಾಡಿ ಕ್ಷಮೆ ಕೇಳಿದರು. ಬೇಕರಿಯಲ್ಲಿ ಒಂದು ವಾರ ಇದೇ ಮಾತು. ಜಾಗ ಕೊಡದಿದ್ದಕ್ಕೆ ಬೈಗುಳ, ಫೋನ್ ಮಾಡಿದ್ದಕ್ಕೆ ಶಹಬ್ಬಾಸ್.

ನಾನು ಊರಿನವರ ಜೊತೆ ಜಗಳಕ್ಕೆ ನಿಲ್ಲೋದು ಇಲ್ಲೇ. ಇವರು ಬಾಯಿಬಿಟ್ಟು ಹೇಳುತ್ತಾರೆ. ತಪ್ಪು ಮಾಡುತ್ತಾರೆ, ಆಮೇಲೆ ತಪ್ಪಾಯಿತು ಅಂತಾರೆ. ಸಲಾಮು ಅಂತಾರೆ, ನಿಮ್ಮ ಮೇಲೆ ನಮಗೆ ಹಗೆ ಇಲ್ಲ ಅಂತಾರೆ. ಕೈರೋಗಿಂತ ಎರಡು ತಿಂಗಳು ಮುಂಚೆ ಟರ್ಕಿಯ ಪಾರ್ಲಿಮೆಂಟಿನಲ್ಲಿ ಅದನ್ನೂ ಹೇಳಿದ್ದಾಗಿತ್ತು. ಬುಷ್ ಕೂಡ, ಅವಳಿ ಗೋಪುರ ಬಿದ್ದ ಆರನೇ ದಿನಕ್ಕೆ ವಾಷಿಂಗ್ಟನ್ನಿನ ಮಸೀದಿಗೆ ಹೋಗಿ ಇಸ್ಲಾಂ ಅಂದರೆ ಶಾಂತಿ ಅಂದಿದ್ದರು. ಆಡಿದ ಮಾತು ದಾಖಲಾಗುತ್ತದೆ. ನಾಳೆ ಅದನ್ನೇ ತೋರಿಸಿ, ಅವತ್ತು ಹೀಗಂದಿದ್ದಿರಲ್ಲ ಅಂತ ಕೇಳಬಹುದು.

ನಮ್ಮಲ್ಲಿ? ನಾವು ಸಕ್ಕರೆ ಓದಿಸುತ್ತೇವೆ, ಕುಣಿ ತೋಡುತ್ತೇವೆ, ಮಗನಿಗೆ ಹುಸೇನಪ್ಪ ಅಂತ ಹೆಸರಿಡುತ್ತೇವೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹೇಳೋದೇನಿದೆ, ನಾವು ಹೇಗಿದ್ದೇವೆ ಅಂತ ಎಲ್ಲರಿಗೂ ಗೊತ್ತಲ್ಲ ಅಂತ. ಆಮೇಲೆ ಒಂದು ದಿನ ಮೇಲಿನ ಮನೆ "ಆಗಲೇ ಕೊಟ್ಟಾಗಿರುತ್ತದೆ". ಆ ಮಾಸ್ತರರು ಯಾರಿಗೆ ಏನಂತ ಕೇಳಬೇಕು? ಅವರಿಗೆ ಯಾರೂ ಮಾತು ಕೊಟ್ಟಿರಲಿಲ್ಲ. ಹೋದ ಸಲ ಊರಿಗೆ ಹೋದಾಗ ಹುಸೇನಪ್ಪನ ಮೊಮ್ಮಗನನ್ನು ನೋಡಿದೆ, ಹೆಸರು ಆರ್ಯನ್. ಸಾಲಿಯಲ್ಲಿ ತೊಂದರೆ ಆಗಬಾರದು ಅಂತ ಇಟ್ಟೆವು ಅಂದ ಅವರಪ್ಪ. ಏನು ತೊಂದರೆ ಅಂತ ಕೇಳಿದರೆ ನಕ್ಕು ಚಹಾ ತರಿಸಿದ.

ಇದನ್ನು ಓದುವ ಊರಿನವರು ಈಗ ಕೇಳುತ್ತಾರೆ: ಕೈರೋದ ಆ ಭಾಷಣದಿಂದ ಆಗಿದ್ದೇನು? ಕೇಳಲಿ. ಹೇಳಲೇಬೇಕು. ಭಯೋತ್ಪಾದನೆಯ ಆರೋಪ ಹೊತ್ತವರನ್ನು ಇಟ್ಟಿದ್ದ ಗ್ವಾಂಟನಾಮೊ ಜೈಲನ್ನು ವರ್ಷದೊಳಗೆ ಮುಚ್ಚುತ್ತೇನೆ ಅಂತ ಒಬಾಮ 2009ರ ಜನವರಿಯಲ್ಲೇ ಸಹಿ ಹಾಕಿದ್ದರು, ಎಂಟು ವರ್ಷ ಆದರೂ ಮುಚ್ಚಲಿಲ್ಲ. ಯೆಮೆನ್ನಿನಲ್ಲಿ, ಪಾಕಿಸ್ತಾನದಲ್ಲಿ ಡ್ರೋನ್‌ಗಳು ಹಾರುತ್ತಲೇ ಇದ್ದವು. ಕೈರೋವರೆಗೆ ಹೋಗಿ ಸಲಾಮು ಹೇಳಿದವರು ಅಧ್ಯಕ್ಷರಾಗಿ ತಮ್ಮದೇ ದೇಶದ ಮಸೀದಿಯೊಳಗೆ ಕಾಲಿಟ್ಟಿದ್ದು 2016ರ ಫೆಬ್ರವರಿಯಲ್ಲಿ, ಬಾಲ್ಟಿಮೋರಿನಲ್ಲಿ. ಏಳು ವರ್ಷ ಬೇಕಾಯಿತು. ಇರಾನಿನ ಜೊತೆ 2015ರಲ್ಲಿ ಅಣು ಒಪ್ಪಂದ ಆಯಿತು, 2018ರಲ್ಲಿ ಟ್ರಂಪ್ ಅದರಿಂದ ಹೊರಬಂದರು. ಅದಕ್ಕೂ ಮುಂಚೆ, 2017ರ ಜನವರಿಯಲ್ಲಿ, ಏಳು ಮುಸ್ಲಿಂ ದೇಶಗಳವರು ಒಳಗೆ ಬರಬಾರದು ಅಂತ ಆಜ್ಞೆ ಬಂತು. ಅದೂ ಬಾಯಿಬಿಟ್ಟು ಹೇಳಿದ ಮಾತೇ ಅಲ್ವಾ? ಚುನಾವಣೆಗೆ ಮುಂಚೆಯೇ ಹೇಳಿ, ಗೆದ್ದು, ಮಾಡಿದ್ದು. ನನ್ನ ವಾದ ಅಲ್ಲಿ ಸ್ವಲ್ಪ ಕುಂಟುತ್ತದೆ, ಒಪ್ಪುತ್ತೇನೆ.

ಬೇಕರಿಯ ಒಲೆ ಪಕ್ಕ "ಹೋಪ್" ಅಂತ ಬರೆದ ಒಬಾಮ ಅವರ ಕೆಂಪು ನೀಲಿ ಪೋಸ್ಟರ್ ಇತ್ತು. ಹಿಟ್ಟು, ಹೊಗೆ ಹತ್ತಿ ಮುಖವೇ ಕಾಣದಂತಾಯಿತು. ಆಮೇಲೆ ಅದರ ಮೇಲೆ ಯಾವುದೋ ಮಾಂಸದ ಅಂಗಡಿಯ ಕ್ಯಾಲೆಂಡರ್ ಬಂತು. ಕಿತ್ತು ಹಾಕಲಿಲ್ಲ, ಮುಚ್ಚಿದರು ಅಷ್ಟೇ. 2024ರ ಫೆಬ್ರವರಿಯಲ್ಲಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ, ಗಾಜಾ ಯುದ್ಧದಲ್ಲಿ ಇಸ್ರೇಲ್ ಬೆನ್ನಿಗೆ ನಿಂತ ಬೈಡನ್ ಮೇಲೆ ಸಿಟ್ಟಾಗಿ ಮಿಶಿಗನ್ನಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ "ಯಾರಿಗೂ ಇಲ್ಲ" ಅನ್ನುವಂಥ ಓಟು ಹಾಕಿದರು, ಅದರಲ್ಲಿ ಅಮ್ಮೂ ಕೂಡ ಒಬ್ಬರು. ಶರತ್ಕಾಲದಲ್ಲಿ ಬಿಂತ್ ಜ್ಬೈಲ್ ಮೇಲೆ ಇಸ್ರೇಲಿನ ಬಾಂಬು ಬಿದ್ದವು, ಅವರ ಅಕ್ಕನ ಮನೆ ಉಳಿಯಲಿಲ್ಲ. ನವೆಂಬರಿನಲ್ಲಿ ಯಾರಿಗೆ ಹಾಕಿದಿರಿ ಅಂತ ನಾನು ಕೇಳಲಿಲ್ಲ. ಅವರೇ ಅಂದರು: "ಕೈರೋದ ಮಾತು ನನಗೆ ಇನ್ನೂ ಬಾಯಿಪಾಠ. ಆವತ್ತು ಹೇಳದೇ ಇದ್ದಿದ್ದರೆ ಇವತ್ತು ಇಷ್ಟು ಸಿಟ್ಟು ಬರುತ್ತಿರಲಿಲ್ಲ."

ಹುಡುಗನಿಗೆ ಕೊಡಬೇಕಾದ ಉತ್ತರ ಇದೇ ಅನ್ನಿಸಿತು. ಸಾಬರ ಊರು ಟ್ರಂಪ್‌ಗೆ ಬಿದ್ದಿದ್ದಲ್ಲ. ಮಾತು ನಂಬಿದ್ದ ಊರು ಲೆಕ್ಕ ಕೇಳಿತು.

ಇನ್ನೊಂದು ಒಪ್ಪಿಕೊಳ್ಳಬೇಕಾದ್ದಿದೆ, ಬರೆಯದೇ ಬಿಡೋಣ ಅಂತ ಎರಡು ದಿನ ತಳ್ಳಿದೆ. 2009ರ ಆ ರಾತ್ರಿ ಅವ್ವ ಮಾಸ್ತರರ ಸುದ್ದಿ ಹೇಳಿದಾಗ ನಾನು ಅಂದಿದ್ದು "ಹೂಂ" ಅಂತ. ಅಪ್ಪನಿಗೆ ಫೋನ್ ಕೊಡು ಅನ್ನಲಿಲ್ಲ. ಬೆಳಿಗ್ಗೆ ಟಿವಿ ಮುಂದೆ ಚಪ್ಪಾಳೆ ತಟ್ಟಿದ ಕೈಯಲ್ಲೇ ಫೋನ್ ಹಿಡಿದಿದ್ದೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು, ಈಗ ಅವರನ್ನು ಕೇಳುವ ಹಾಗೂ ಇಲ್ಲ. ಅವ್ವನಾದರೋ ಯಾವ ಅಧ್ಯಕ್ಷ ಬಂದರೂ ಹೋದರೂ ಒಂದು ವರ್ಷವೂ ಸಕ್ಕರೆ ತಪ್ಪಿಸಿಲ್ಲ. ಆ ಲೆಕ್ಕವನ್ನು ಯಾವ ಖಾತೆಗೆ ಬರೆಯಲಿ ಅಂತ ನನಗೆ ಗೊತ್ತಾಗುತ್ತಿಲ್ಲ.

ಈ ಸಲದ ಸಕ್ಕರೆ ಊರಿಂದ ಬಂದವರ ಕೈಯಲ್ಲಿ ಮೊನ್ನೆ ತಲುಪಿತು. ಸಣ್ಣ ಪೊಟ್ಟಣ, ಕನ್ನಡ ಪೇಪರಿನಲ್ಲಿ ಕಟ್ಟಿದ್ದು. ಒಂದು ಚಿಟಿಕೆ ಅಮ್ಮೂಗೂ ಕೊಟ್ಟೆ, ಹುಸೇನರ ಹೆಸರಿನಲ್ಲಿ ಓದಿಸಿದ್ದು ಅಂದೆ. ಅವರು ಕೈ ಒರೆಸಿಕೊಂಡು, ನಾಲಿಗೆಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ಅವ್ವನ ಆರೋಗ್ಯ ಕೇಳಿದರು. ಒಬ್ಬರೇ ಇರುತ್ತಾರಾ, ಜೊತೆಗೆ ಯಾರಾದರೂ ಇದ್ದಾರಾ ಅಂದರು.

"ಒಬ್ಬಳೇ," ಅಂದೆ. "ಮೇಲಿನ ಮನೆ ಖಾಲಿ ಇದೆ."